ಹೊಸ ಪಾತ್ರೆಯ ಹಸಿವು

ಚೇಳನ್ನು ‘ಬಾರಮ್ಮ’ ಎಂದು ಕರೆಯುವ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ಕರೆದೊಡನೆ ಅದೇನೂ ಓಡಿ ಬರುತ್ತಿರಲಿಲ್ಲ. ಬಾಲ ಎತ್ತಿಕೊಂಡು ಡಬ್ಬಿಯ ಮೂಲೆಗೆ ಸರಿಯುತ್ತಿತ್ತು. ಆದರೂ ಅವರು ಕರೆಯುವುದನ್ನು ಬಿಡಲಿಲ್ಲ. ಇಪ್ಪತ್ತಾರು ವರ್ಷ ಹಾಗೆ ಕರೆದು, ಹೋದ ವಾರ ನಿವೃತ್ತರಾದರು.

ಬೀಳ್ಕೊಡುಗೆಯ ದಿನ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟು ಕುರ್ಚಿಯಲ್ಲಿ ಕೂರಿಸಿದ್ದೆವು. ‘ಎರಡೇ ಮಾತು’ ಎಂದು ಮೈಕು ಹಿಡಿದ ನಿರ್ದೇಶಕರು ಇಪ್ಪತ್ತನೇ ನಿಮಿಷಕ್ಕೆ ಬಂದಿದ್ದರು. ಆಗ ಆ ಕುರ್ಚಿಯಿಂದಲೇ ಅಕ್ಕನ ದನಿ ಬಂತು: “ಸಾರ್, ಜಿರಳೆಗಳಿಗೆ ಇನ್ನೂ ಕ್ಯಾರೆಟ್ ಹಾಕಿಲ್ಲ. ಬೇಗ ಮುಗ್ಸಿದ್ರೆ ಒಳ್ಳೇದು.”

ಜಿರಳೆ ಎಂದರೆ ಅಡುಗೆಮನೆಯ ಜಿರಳೆಯಲ್ಲ, ಚೇಳುಗಳ ಊಟಕ್ಕೆಂದು ನಾವೇ ಸಾಕಿದವು. ಇಂದಿರಾನಗರದ ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಸಣ್ಣ ಸಂಶೋಧನಾಲಯವಿದೆ. ಎಡಗಡೆಯ ಮನೆ ಈಗ ಹೋಟೆಲು, ಬಲಗಡೆಯದು ಪಬ್ಬು. ನಮ್ಮ ಕಾರ್ ಶೆಡ್ಡಿನಲ್ಲಿ ಕಾರಿಲ್ಲ, ಇನ್ನೂರು ಕರಿ ಚೇಳುಗಳಿವೆ. ಒಂದು ಸಲ ಹೋಟೆಲಿನ ಮ್ಯಾನೇಜರು ಒಂದು ಜಿರಳೆಯನ್ನು ಲೋಟದಲ್ಲಿ ಮುಚ್ಚಿಕೊಂಡು ಜಗಳಕ್ಕೇ ಬಂದುಬಿಟ್ಟ. “ನಿಮ್ಮಲ್ಲಿಂದ ತಪ್ಪಿಸ್ಕೊಂಡು ನಮ್ಮ ಕಿಚನ್ನಿಗೆ ಬಂದಿದೆ ರೀ.” ಅಕ್ಕ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. “ನಮ್ದಕ್ಕೆ ಬೆನ್ನ ಮೇಲೆ ಮಚ್ಚೆ ಇರುತ್ತೆ. ಇದು ನಿಮ್ದೇ ಕಣಪ್ಪ, ತಗೊಂಡ್ ಹೋಗು” ಎಂದು ಲೋಟವನ್ನು ವಾಪಸು ಕೊಟ್ಟರು. ಆತ ಮತ್ತೆ ನಮ್ಮ ಗೇಟಿನ ಕಡೆ ತಲೆ ಹಾಕಲಿಲ್ಲ.

ಅವರನ್ನು ಅಕ್ಕ ಎಂದೇ ಎಲ್ಲರೂ ಕರೆಯುವುದು. ನಾನು ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಅವರು ಹಾಕಿದ ಷರತ್ತು ಒಂದೇ: “ಬರ್ಕೋ. ಹೆಸರು ಮಾತ್ರ ಹಾಕ್ಬೇಡ. ಅದು ಬರ್ಬೇಕಾದ ಕಡೆ ಬಂದಾಗಿದೆ.” ಎಲ್ಲಿ ಬಂದಿದೆ, ಹೇಗೆ ಬಂತು ಎಂಬುದನ್ನು ಹೇಳುವುದಕ್ಕೇ ಈ ಬರಹ.

ಕುಳ್ಳಗಿನ ಮೈಕಟ್ಟು, ನೂಲಿನ ಸೀರೆ, ಅದರ ಮೇಲೆ ಬಿಳಿ ಕೋಟು. ಬೆಳಿಗ್ಗೆ ಏಳೂವರೆಗೆ ಹಲಸೂರಿನ ಪಕ್ಕದ ಜೋಗುಪಾಳ್ಯದ ಮನೆಯಿಂದ ನಡೆದೇ ಬರುತ್ತಿದ್ದರು. ಬಂದವರೇ ಎರಡೂ ಕೈಯ ಬಳೆ ಬಿಚ್ಚಿ, ಕಿಟಕಿಯ ಮೇಲಿನ ಒಂದು ಗಾಜಿನ ತಟ್ಟೆಯಲ್ಲಿಡುತ್ತಿದ್ದರು. ರೋಗಾಣು ಬೆಳೆಸುವ ತಟ್ಟೆ ಅದು. ತಟ್ಟೆಯಲ್ಲಿ ಬಳೆ ಕಂಡರೆ ಅಕ್ಕ ಕೆಲಸದಲ್ಲಿದ್ದಾರೆ ಎಂದರ್ಥ. ಆಗ ನಿರ್ದೇಶಕರು ಕೂಡ ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದರು.

ಓದಿದ್ದು ಬಿ.ಎಸ್‌ಸಿ. ಕಚೇರಿಯ ಪುಸ್ತಕದಲ್ಲಿ ‘ಸಹಾಯಕಿ’. ಆದರೆ ಯಾರು ಯಾರಿಗೆ ಸಹಾಯಕರು ಎಂಬುದು ಒಳಗೆ ಬಂದ ವಾರದೊಳಗೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ಪಿಎಚ್.ಡಿ. ಮಾಡಲು ಬಂದ ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬನ್ನಿ ಡಾಕ್ಟ್ರೇ. ಮೊದ್ಲು ಕೈ ತೊಳ್ಕೊಳಿ, ವಿಜ್ಞಾನ ಆಮೇಲೆ” ಎಂದರು. ನಾನಿನ್ನೂ ಡಾಕ್ಟರಾಗಿರಲಿಲ್ಲ, ಅವರು ಅದನ್ನು ಹೇಳಿದ್ದೂ ಗೌರವಕ್ಕಲ್ಲ. ಮುಂದೆ ನಿಜವಾಗಿ ಡಾಕ್ಟರಾದ ದಿನದಿಂದ ‘ನೀನು’, ‘ಕಣೋ’ ಶುರುವಾಯಿತು. ಬಡ್ತಿ ಎಂದರೆ ಇದೇ ಎಂದುಕೊಂಡೆ.

ನಾನು ಶಿವಾಜಿನಗರದವನು. ಮನೆಮಾತು ದಖನಿ. ಅಬ್ಬಾ ಪಾತ್ರೆ ಅಂಗಡಿ ಇಟ್ಟಿದ್ದಾರೆ. ಮದುವೆಮನೆಯ ದೊಡ್ಡ ದೇಗ್‌ನಿಂದ ಹಿಡಿದು ಹೋಟೆಲಿನ ಕಬ್ಬಿಣದ ತವಾವರೆಗೆ ಎಲ್ಲವನ್ನೂ ಮಾರುತ್ತಾರೆ. ಮೂವತ್ತು ವರ್ಷ ಪಾತ್ರೆಗಳ ನಡುವೆ ಬೆಳೆದವನು ನಾನು ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು. ಮುಂದೆ ನನ್ನ ಮಾನ ಹೋಗುವುದು ಅದರಿಂದಲೇ.

ನಮ್ಮ ಕೆಲಸವನ್ನು ಹೇಳಿದರೆ ಅಮ್ಮಿ ಈಗಲೂ ನಂಬುವುದಿಲ್ಲ. ಚೇಳಿನ ವಿಷದಲ್ಲಿ ನೂರಾರು ಬಗೆಯ ವಸ್ತುಗಳಿರುತ್ತವೆ. ಅವುಗಳಲ್ಲಿ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಂಡುಗಳು ಕೆಲವು, ಮನುಷ್ಯನಿಗಿಂತ ಹೆಚ್ಚಾಗಿ ರೋಗಾಣುವಿನ ಮೇಲೆ ಬೀಳುತ್ತವೆ. ರೋಗಾಣುವಿನ ಹೊರಪದರಕ್ಕೆ ಅಂಟಿಕೊಂಡು, ತೂತು ಕೊರೆದು, ಒಳಗಿರುವುದೆಲ್ಲ ಸೋರಿಹೋಗುವಂತೆ ಮಾಡುತ್ತವೆ. ಈಗಿನ ಔಷಧಗಳಿಗೆ ಬಗ್ಗದ ರೋಗಾಣುಗಳೂ ಇದಕ್ಕೆ ಬಗ್ಗಬಹುದು ಎಂಬ ಆಸೆ ನಮ್ಮದು.

ಅಕ್ಕನಿಗೆ ಅದು ಬರೀ ಆಸೆಯಾಗಿರಲಿಲ್ಲ. ಕೆ.ಆರ್. ಪುರದ ಆಚೆ ಅವರ ತವರಿನವರ ಹೊಲವಿತ್ತು. ಕಲ್ಲು ಎತ್ತಿದರೆ ಚೇಳು. ಅವರಪ್ಪ ಕಂಡ ಚೇಳನ್ನೆಲ್ಲ ಚಪ್ಪಲಿಯಲ್ಲಿ ಹೊಸಕುತ್ತಿದ್ದರಂತೆ. ಅದೇ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು, ಕಾಲಿನ ಒಂದು ಹುಣ್ಣು ಯಾವ ಔಷಧಕ್ಕೂ ವಾಸಿಯಾಗದೆ, ಕೊನೆಗೆ ಮೊಣಕಾಲಿನವರೆಗೆ ಕತ್ತರಿಸಬೇಕಾಯಿತು. “ಮೂರು ಸಲ ಔಷಧಿ ಬದಲಾಯ್ಸಿದ್ರು ಕಣಪ್ಪ. ಒಂದೂ ನಾಟ್ಲಿಲ್ಲ. ಅಪ್ಪ ಹೊಸಕ್ತಿದ್ದ ಚೇಳಲ್ಲೇ ಅಪ್ಪನ ಕಾಲಿಗೆ ಔಷಧಿ ಇತ್ತೋ ಏನೋ, ಯಾರಿಗ್ ಗೊತ್ತು?” ಎಂದು ಒಮ್ಮೆ ಹೇಳಿದ್ದರು. ಹೇಳಿ, ಮೂಗು ಒರೆಸಿಕೊಂಡು, ಮುಂದಿನ ಡಬ್ಬಿ ತೆರೆದು ‘ಬಾರಮ್ಮ’ ಎಂದಿದ್ದರು.

ವಿಷ ತೆಗೆಯುವುದಕ್ಕೆ ಅವರು ಬಳಸುತ್ತಿದ್ದ ಮಾತು ‘ಕರೆಯೋದು’. ಹಸು ಕರೆದ ಕೈ ಅದು. ಉದ್ದನೆಯ ಇಕ್ಕಳದಲ್ಲಿ ಬಾಲ ಹಿಡಿದು, ಸಣ್ಣ ವಿದ್ಯುತ್ತಿನ ಚುರುಕು ತಾಗಿಸಿದರೆ ಕೊಂಡಿಯ ತುದಿಯಲ್ಲಿ ಒಂದು ಹನಿ ಮೂಡುತ್ತದೆ. ಕರೆದ ಚೇಳಿನ ಡಬ್ಬಿಗೆ ಹಳದಿ ಚೀಟಿ ಅಂಟಿಸಿ ತಾರೀಖು ಬರೆಯುತ್ತಿದ್ದರು. ಮೂರು ವಾರ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. “ಅರ್ಜೆಂಟು ಅಂದ್ರೆ ಚೇಳಿಗೆ ಅರ್ಥ ಆಗುತ್ತಾ ಡಾಕ್ಟ್ರೇ? ಅದು ತುಂಬ್ಕೋಬೇಕು.” ಒಮ್ಮೆ ಒಂದು ಚೇಳು ತಪ್ಪಿಸಿಕೊಂಡಿತು. ಎಲ್ಲರನ್ನೂ ಕುರ್ಚಿ ಹತ್ತಿಸಿ, ಪರದೆ ಎಳೆದು, ಶೆಡ್ಡಿನ ನೇರಳೆ ಬೆಳಕಿನ ಟಾರ್ಚು ಹಿಡಿದು ಹುಡುಕಿದರು. ಆ ಬೆಳಕು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ. ಕೊನೆಗೆ ಅದು ಹೊಳೆದದ್ದು ನನ್ನ ಊಟದ ಚೀಲದ ಕೆಳಗೆ. “ನಿಮ್ಮಮ್ಮನ ಬಿರಿಯಾನಿ ವಾಸನೆಗೆ ಬಂದಿದೆ ಪಾಪ” ಎಂದು ಮೆಲ್ಲಗೆ ಎತ್ತಿಕೊಂಡರು. ನಾನು ಆ ದಿನ ಊಟ ಮಾಡಲಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ರೋಗಾಣುವಿಗೆ ಬೇಕಾದ ಸಾರು ಹಾಕಿ, ಅದಕ್ಕೆ ರೋಗಾಣು ಬಿಟ್ಟು, ನಮ್ಮ ಪೆಪ್ಟೈಡನ್ನು ಒಂದಿಷ್ಟು ಸೇರಿಸಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಾರನೇ ದಿನದವರೆಗೆ ಇಡಬೇಕು. ರೋಗಾಣು ಬೆಳೆದಿದ್ದರೆ ಸಾರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿರುತ್ತದೆ. ಸತ್ತಿದ್ದರೆ ತಿಳಿಯಾಗಿ ಉಳಿದಿರುತ್ತದೆ. ಅದನ್ನು ಅಳೆಯಲು ಯಂತ್ರವಿದೆ. ಅಕ್ಕ ಯಂತ್ರಕ್ಕೆ ಕೊಡುವ ಮುಂಚೆ ಟ್ಯೂಬನ್ನು ಅಂದಿನ ಕನ್ನಡ ಪತ್ರಿಕೆಯ ಮುಂದೆ ಹಿಡಿಯುತ್ತಿದ್ದರು. ಅದರೊಳಗಿಂದ ಸುದ್ದಿ ಓದಲು ಬಂದರೆ ರೋಗಾಣು ಸತ್ತಿದೆ. “ಅಕ್ಷರ ಕಾಣ್ತಾ ಇದೆ” ಎನ್ನುತ್ತಿದ್ದರು. ಅವರ ಬಾಯಲ್ಲಿ ಗೆಲುವಿಗೆ ಇದ್ದದ್ದು ಇದೊಂದೇ ಮಾತು.

ನನ್ನ ನಾಲ್ಕನೇ ವರ್ಷ ಅಕ್ಷರ ಕಾಣತೊಡಗಿತು. ಅಕ್ಕ ಮಾಡಿದ ಪ್ರತಿ ಸಲವೂ ಕಂಡಿತು. ಆಸ್ಪತ್ರೆಯ ಗಾಯಗಳಿಂದ ಬಂದ, ಯಾವ ಔಷಧಕ್ಕೂ ಜಗ್ಗದ ರೋಗಾಣು ನಮ್ಮ ಚೇಳಿನ ಪೆಪ್ಟೈಡಿಗೆ ಸಾಯುತ್ತಿತ್ತು. ಸಂಶೋಧನಾಲಯದಲ್ಲಿ ಸಿಹಿ ಹಂಚಿದರು. ನಿರ್ದೇಶಕರು ಪ್ರಬಂಧ ಬರೆಯಲು ಕುಳಿತರು.

ತೊಂದರೆ ಒಂದೇ. ಅದು ನನ್ನ ಕೈಯಲ್ಲಿ ಬರುತ್ತಿರಲಿಲ್ಲ.

ಅದೇ ಪೆಪ್ಟೈಡಿನ ಪುಡಿ, ಅದೇ ರೋಗಾಣು, ಅದೇ ಅಳತೆ. ಅಕ್ಕನ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹಾಗೇ ಮಾಡಿದೆ. ನಾಲ್ಕು ಸಲ ಅಕ್ಕಿ ತೊಳೆದ ನೀರು. ಮೊದಮೊದಲು ಎಲ್ಲರೂ ನಗುತ್ತಿದ್ದರು: “ಅಕ್ಕನ ಕೈಗುಣ ಗುರು, ನಿನಗೆಲ್ಲಿಂದ ಬರ್ಬೇಕು?” ಅಡುಗೆಗೆ, ನಾಟಿ ಔಷಧಕ್ಕೆ ಕೈಗುಣ ಎಂದರೆ ಹೊಗಳಿಕೆ. ನಮ್ಮ ಕಸುಬಿನಲ್ಲಿ ಅದು ಅಪವಾದ. ಒಬ್ಬರ ಕೈಯಲ್ಲಿ ಮಾತ್ರ ಬರುವುದು ವಿಜ್ಞಾನವಲ್ಲ. ಅಕ್ಕನಿಗೂ ಆ ಮಾತು ಹಿಡಿಸುತ್ತಿರಲಿಲ್ಲ. “ಕೈಗುಣ ಅನ್ಬೇಡಿ. ನಾನೇನು ಮಂತ್ರ ಹಾಕ್ತೀನಾ?” ಎಂದು ರೇಗುತ್ತಿದ್ದರು.

ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಬೆಳಿಗ್ಗೆ ನಾವು ಬರುವಷ್ಟರಲ್ಲಿ ಅಕ್ಕನ ಟ್ಯೂಬುಗಳೆಲ್ಲ ಶುದ್ಧ ಬಟ್ಟೆಯ ಮೇಲೆ ಬೋರಲು ಬಿದ್ದು ಒಣಗುತ್ತಿರುತ್ತಿದ್ದವು. ಹಳೆಯ ಟ್ಯೂಬುಗಳನ್ನು ತೊಳೆದು ಮತ್ತೆ ಬಳಸುತ್ತಾರೆ ಎಂದುಕೊಂಡೆ. ಅದರಲ್ಲಿ ಏನೋ ಉಳಿದಿರುತ್ತದೆ, ರೋಗಾಣುವನ್ನು ಕೊಲ್ಲುವುದು ಸೋಪೋ ಏನೋ. ಅದಕ್ಕೇ ನಾನು ಅವನ್ನು ಮುಟ್ಟುತ್ತಿರಲಿಲ್ಲ. ಪ್ಯಾಕೆಟ್ಟು ಹರಿದು ಹೊಚ್ಚ ಹೊಸ ಟ್ಯೂಬು ತೆಗೆಯುತ್ತಿದ್ದೆ. ನನ್ನದೇ ಸರಿ, ನನ್ನದೇ ಶುದ್ಧ ಎಂಬ ಜಂಬ ಬೇರೆ.

ಆಗಲೇ ಬೇರೊಂದು ಊರಿನಿಂದ ಪತ್ರ ಬಂತು. ಅಲ್ಲಿನ ಒಬ್ಬ ವಿಜ್ಞಾನಿಗೆ ನಮ್ಮ ಪುಡಿಯನ್ನು ಕಳಿಸಿ, ಮಾಡಿ ನೋಡಿ ಎಂದಿದ್ದೆವು. ಮೂರು ಸಲ ಮಾಡಿದೆ, ಏನೂ ಸಾಯಲಿಲ್ಲ, ನಿಮ್ಮ ಫಲಿತಾಂಶವನ್ನು ಹೇಗೆ ಪಡೆದಿರೋ ದಯವಿಟ್ಟು ವಿವರಿಸಿ ಎಂದು ಆತ ಬರೆದಿದ್ದ. ಮರ್ಯಾದೆಯ ಭಾಷೆಯಲ್ಲಿ ಕೇಳಿದ್ದು ಇಷ್ಟೇ: ಸುಳ್ಳು ಬರೆದಿದ್ದೀರಾ?

ವಿಚಾರಣಾ ಸಮಿತಿ ಕೂತಿತು. ಬೆಳ್ಳಗಿನ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ ಒಬ್ಬ ಹಿರಿಯ ವಿಜ್ಞಾನಿ ಅದರ ಅಧ್ಯಕ್ಷೆ. ನಗು ಎಂಬುದನ್ನು ಆ ಮುಖ ಕಂಡಂತಿರಲಿಲ್ಲ. ಎಲ್ಲರಿಂದಲೂ ಲಿಖಿತ ಹೇಳಿಕೆ ಕೇಳಿದರು. ನಾನು ಬರೆದುಕೊಟ್ಟೆ: ನಾಲ್ಕು ಸಲ ಮಾಡಿದೆ, ಬರಲಿಲ್ಲ. ಅವರ ಟ್ಯೂಬುಗಳು ಹೊಸವಲ್ಲ, ತೊಳೆದವು ಎಂದು ನನ್ನ ಅನುಮಾನ. ಎರಡು ಹಾಳೆ ಹರಿದು ಹಾಕಿದೆ. ಆದರೂ ಬರೆದೆ. ಅಕ್ಕನಿಗೆ ಹೇಳಲಿಲ್ಲ.

ಅಕ್ಕನ ಪಾಲಿಗೆ ಆಗಿನ ಸ್ಥಿತಿ ಹೀಗಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಬರೆದ ನೋಟ್‌ಬುಕ್ಕುಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಸಮಿತಿ ‘ಸುಳ್ಳು’ ಎಂದರೆ ಅವಷ್ಟೂ ಸುಳ್ಳು. ಕೆಲಸ ಹೋಗುವುದಿರಲಿ, ಅದು ದೊಡ್ಡದಲ್ಲ. ‘ಸಹಾಯಕಿ ಮೋಸ ಮಾಡಿದಳು’ ಎಂಬ ಮಾತು ಜೋಗುಪಾಳ್ಯದ ಓಣಿಯವರೆಗೂ ಹೋಗುತ್ತಿತ್ತು. ಆ ವಾರ ಅವರು ಚೇಳುಗಳನ್ನು ಬಿಟ್ಟು ಯಾರೊಂದಿಗೂ ಮಾತಾಡಲಿಲ್ಲ.

ಸಮಿತಿಯ ತೀರ್ಮಾನ ಸರಳವಾಗಿತ್ತು. ನಮ್ಮೆದುರು ಮಾಡಿ ತೋರಿಸಿ. ಟ್ಯೂಬು, ಸಾರು, ರೋಗಾಣು ಎಲ್ಲ ನಾವೇ ತರುತ್ತೇವೆ, ಸೀಲು ಒಡೆಯದೆ. ಪತ್ರ ಬರೆದ ವಿಜ್ಞಾನಿಯನ್ನೂ ಕರೆಸಿದರು.

ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಗೋಡೆಗೆ ಒರಗಿ ನಿಂತೆವು. ಅಕ್ಕ ಬಳೆ ಬಿಚ್ಚಿ ತಟ್ಟೆಯಲ್ಲಿಟ್ಟರು. ಕೈ ತೊಳೆದರು. ಸಮಿತಿಯ ಪ್ಯಾಕೆಟ್ಟನ್ನು ಒಡೆದು ಹೊಸ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿದರು. ಆಮೇಲೆ ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆದು, ಅದರಲ್ಲಿದ್ದ ತೆಳ್ಳನೆಯ ಬಿಳಿ ನೀರನ್ನು ಒಂದೊಂದೇ ಟ್ಯೂಬಿಗೆ ತುಂಬತೊಡಗಿದರು.

“ಏನ್ರೀ ಅದು?” ಅಧ್ಯಕ್ಷೆ ಮುಂದೆ ಬಂದರು.

“ಹಾಲಿನ ಪುಡಿ ನೀರು ಮೇಡಂ. ಕುದ್ಸಿ ಇಟ್ಟಿರೋದು.”

“ಅದ್ಯಾಕೆ?”

“ಹೊಸ ಟ್ಯೂಬಲ್ವಾ.”

“ಅದಕ್ಕೆ?”

ಅಕ್ಕಿ ಯಾಕೆ ತೊಳೆಯಬೇಕು ಎಂದು ಕೇಳಿದ ಮಗುವನ್ನು ನೋಡುವ ಹಾಗೆ ಅಕ್ಕ ಅವರನ್ನು ನೋಡಿದರು. “ಹೊಸ ಮಡಕೇಲಿ ಯಾರಾದ್ರೂ ನೇರ ಅಡುಗೆ ಮಾಡ್ತಾರಾ ಮೇಡಂ? ಮೊದ್ಲು ಗಂಜಿ ಹಾಕಿ ಪಳಗಿಸ್ತೀವಿ. ನಮ್ಮತ್ತೆ ಹೇಳ್ಕೊಟ್ಟಿದ್ದು. ಹೊಸ ಪಾತ್ರೆಗೆ ಹಸಿವು ಜಾಸ್ತಿ. ಅದಕ್ಕೊಂದಿಷ್ಟು ಮೊದ್ಲು ತಿನ್ನಿಸ್ಬೇಕು, ಇಲ್ದಿದ್ರೆ ನಾವು ಹಾಕಿದ್ದನ್ನೇ ತಿಂದ್ಬಿಡುತ್ತೆ. ಹತ್ತು ನಿಮಿಷ ಇದನ್ನ ಬಿಟ್ಟು, ಚೆಲ್ಲಿ, ತೊಳ್ದು ಒಣಗ್ಸಿದ್ರೆ ಆಯ್ತು. ದಿನಾ ಬೆಳಿಗ್ಗೆ ಬಂದು ಮಾಡೋ ಮೊದಲ್ನೇ ಕೆಲ್ಸ ಇದೇ.”

ನನಗೆ ಆಗ ಹೊಳೆಯಿತು. ನಮ್ಮ ಪೆಪ್ಟೈಡಿನ ಗುಣವೇ ಅಂಟಿಕೊಳ್ಳುವುದು. ರೋಗಾಣುವಿಗೆ ಅಂಟುವುದು ಪ್ಲಾಸ್ಟಿಕ್ಕಿಗೆ ಅಂಟದೆ ಬಿಡುತ್ತದೆಯೇ? ನನ್ನ ಹೊಚ್ಚ ಹೊಸ, ಶುದ್ಧಾತಿಶುದ್ಧ ಟ್ಯೂಬಿನ ಗೋಡೆ ನಾಲ್ಕು ಸಲವೂ ಔಷಧವನ್ನು ತಾನೇ ನುಂಗಿಕೊಂಡಿತ್ತು. ಅಕ್ಕನ ಟ್ಯೂಬಿನ ಗೋಡೆಗೆ ಮೊದಲೇ ಹಾಲಿನ ಪ್ರೋಟೀನ್ ಮೆತ್ತಿಕೊಂಡಿರುತ್ತಿತ್ತು, ಔಷಧಕ್ಕೆ ಅಲ್ಲಿ ಜಾಗವಿರಲಿಲ್ಲ. ಅದು ರೋಗಾಣುವಿನ ಹತ್ತಿರವೇ ಹೋಗಬೇಕಿತ್ತು.

ಅಧ್ಯಕ್ಷೆ ಕನ್ನಡಕ ತೆಗೆದರು. “ಇದು ನಿಮ್ಮ ನೋಟ್‌ಬುಕ್ಕಲ್ಲಿ ಇದೆಯಾ?”

“ಇಲ್ಲ ಮೇಡಂ.”

“ಯಾಕಿಲ್ಲ?”

“ಇದನ್ನೂ ಬರೀಬೇಕಾ? ಕೈ ತೊಳ್ಕೊಂಡೆ ಅಂತಾನೂ ನಾನು ಬರ್ದಿಲ್ಲ.” ಅಷ್ಟು ಹೇಳಿ ಅಕ್ಕ ಸುತ್ತಲೂ ನೋಡಿದರು. ನಿರ್ದೇಶಕರ ಮುಖ ಬಿಳಿಚಿಕೊಂಡಿತ್ತು. ಬರೆಯದೆ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತೆಂದು ಆಗ ಅಕ್ಕನಿಗೂ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿ ನಿಂತರು. “ನಾನು ಬರ್ದಿರೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಮೇಡಂ. ಬರೀದೇ ಇದ್ದಿದ್ದು ತಪ್ಪು ಅಂದ್ರೆ, ಆ ತಪ್ಪು ಒಪ್ಕೋತೀನಿ.”

“ಹಾಗಾದ್ರೆ ಈಗ ನೀವು ಏನನ್ನೂ ಮುಟ್ಟೋದು ಬೇಡ” ಎಂದರು ಅಧ್ಯಕ್ಷೆ. “ನಿಮ್ಮ ಕೈಯಲ್ಲಿ ಬರುತ್ತೆ ಅಂತ ಎಲ್ರಿಗೂ ಗೊತ್ತು. ಇವರ ಕೈಯಲ್ಲಿ ಬರ್ಲಿ.” ಪತ್ರ ಬರೆದ ವಿಜ್ಞಾನಿಯನ್ನು ಮುಂದಕ್ಕೆ ಕರೆದರು. ಮೂರು ಸಾಲು ಮಾಡಿಸಿದರು. ಮೊದಲ ಸಾಲಿನಲ್ಲಿ ಹೊಸ ಟ್ಯೂಬು, ಪೆಪ್ಟೈಡ್. ಎರಡನೆಯದರಲ್ಲಿ ಪಳಗಿಸಿದ ಟ್ಯೂಬು, ಪೆಪ್ಟೈಡ್. ಮೂರನೆಯದರಲ್ಲಿ ಪಳಗಿಸಿದ ಟ್ಯೂಬು ಮಾತ್ರ, ಪೆಪ್ಟೈಡ್ ಇಲ್ಲ. ರೋಗಾಣುವನ್ನು ಕೊಲ್ಲುವುದು ಹಾಲಿನ ನೀರೇ ಆಗಿದ್ದರೆ ಮೂರನೇ ಸಾಲು ಬಣ್ಣ ಬಯಲು ಮಾಡುತ್ತದೆ. ಆತ ಕೆಲಸ ಮಾಡುವಷ್ಟು ಹೊತ್ತೂ ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಬೆರಳುಗಳು ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದುದು ಹಿಂದೆ ನಿಂತ ನನಗೆ ಮಾತ್ರ ಕಾಣುತ್ತಿತ್ತು. ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಅಧ್ಯಕ್ಷೆ ತಮ್ಮ ಚೀಲಕ್ಕೆ ಹಾಕಿಕೊಂಡು ಹೋದರು.

ಮಾರನೇ ಬೆಳಿಗ್ಗೆ ಅಧ್ಯಕ್ಷೆಯೇ ಬಂದು ಬೀಗ ತೆಗೆದರು.

ಮೊದಲ ಸಾಲು, ಅಕ್ಕಿ ತೊಳೆದ ನೀರು. ಮೂರನೇ ಸಾಲು, ಅಕ್ಕಿ ತೊಳೆದ ನೀರು. ನಡುವಿನ ಸಾಲಿನ ಅಷ್ಟೂ ಟ್ಯೂಬುಗಳು ನಲ್ಲಿ ನೀರಿನಷ್ಟು ತಿಳಿ.

ಆ ವಿಜ್ಞಾನಿ ನಡುವಿನ ಸಾಲಿನಿಂದ ಒಂದನ್ನೆತ್ತಿ ಬೆಳಕಿಗೆ ಹಿಡಿದ. ಅಕ್ಕ ಸುಮ್ಮನೆ ಅಂದಿನ ಪತ್ರಿಕೆಯನ್ನು ಮಡಿಚಿ ಅದರ ಹಿಂದೆ ಹಿಡಿದರು. ಆತನಿಗೆ ಕನ್ನಡ ಬಾರದು. ಏನು ಬರೆದಿದೆ ಎಂದು ಹಿಂದಿಯಲ್ಲಿ ಕೇಳಿದ. ಅಕ್ಕ ಬಗ್ಗಿ, ಟ್ಯೂಬಿನೊಳಗಿಂದ ಒಂದೊಂದೇ ಪದ ಓದಿದರು: “ನಾಳೆ... ಹಲಸೂರು... ಸುತ್ತಮುತ್ತ... ನೀರು ಪೂರೈಕೆ ಇಲ್ಲ.” ಓದಿದವರೇ ತಲೆಯೆತ್ತಿ, “ಅಯ್ಯೋ, ಇವತ್ತೇ ತುಂಬಿಸ್ಕೋಬೇಕು!” ಎಂದರು.

ಮೊದಲು ನಕ್ಕದ್ದು ಅಧ್ಯಕ್ಷೆ. ನಗು ಕಾಣದ ಮುಖ ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡರು. ನಿರ್ದೇಶಕರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಪತ್ರ ಬರೆದ ವಿಜ್ಞಾನಿ ಟ್ಯೂಬನ್ನು ಕೆಳಗಿಟ್ಟು, ಅಕ್ಕನ ಮುಂದೆ ಎರಡೂ ಕೈ ಜೋಡಿಸಿ ನಿಂತ. ಅಕ್ಕ ಗಾಬರಿಯಾಗಿ, “ಬಿಡಿ ಸಾರ್, ನಿಮ್ ತಪ್ಪಲ್ಲ. ನಿಮಗೆ ಯಾರೂ ಹೇಳಿರ್ಲಿಲ್ವಲ್ಲ” ಎಂದರು.

ಆ ಸಂಜೆ ನಾನು ನೇರ ಅಬ್ಬಾನ ಅಂಗಡಿಗೆ ಹೋದೆ. ಹೊಸ ತವಾ ಕೊಂಡವರಿಗೆ ಏನು ಹೇಳಿ ಕಳಿಸ್ತೀರಿ ಎಂದು ಕೇಳಿದೆ. “ಎಣ್ಣೆ ಹಚ್ಚಿ, ಕಾಯಿಸಿ, ಈರುಳ್ಳಿ ಉಜ್ಜಿ, ಆ ಈರುಳ್ಳಿ ಬಿಸಾಕಿ, ಆಮೇಲೆ ದೋಸೆ ಹಾಕಿ ಅಂತೀನಿ” ಎಂದರು ಅಬ್ಬಾ. “ಯಾಕೆ?” “ಇಲ್ಲಾಂದ್ರೆ ತವಾ ಹಿಡ್ಕೊಂಡ್ಬಿಡುತ್ತೆ.” ನನ್ನ ಮುಖ ನೋಡಿ ದಖನಿಯಲ್ಲಿ ಸೇರಿಸಿದರು: ಇಷ್ಟೊಂದು ಓದಿ ಇದನ್ನ ಕೇಳೋಕೆ ಬಂದ್ಯಾ?

ಮರುದಿನ ಅಕ್ಕನಿಗೆ ಇದನ್ನು ಹೇಳಿದಾಗ ಅವರು ಶೆಡ್ಡಿನ ಬಾಗಿಲು ಹಿಡಿದುಕೊಂಡು ನಕ್ಕರು. “ಪಾತ್ರೆ ಅಂಗಡೀಲಿ ಹುಟ್ಟಿ ಬೆಳ್ದು... ಡಾಕ್ಟ್ರೇ, ನಿಮ್ಮನ್ನ ಏನ್ ಮಾಡ್ಬೇಕು?”

ನಗು ಮುಗಿಯುವುದನ್ನು ಕಾದು, ನನ್ನ ಹೇಳಿಕೆಯ ವಿಷಯ ಹೇಳಿದೆ. ನಿಮ್ಮ ಟ್ಯೂಬಿನ ಮೇಲೆ ಅನುಮಾನ ಬರೆದುಕೊಟ್ಟವನು ನಾನೇ ಅಕ್ಕ, ಎಂದೆ. ತಲೆ ಎತ್ತಲು ಆಗಲಿಲ್ಲ.

“ಗೊತ್ತು” ಎಂದರು. “ನಿನ್ನೆ ಮೇಡಂ ಹೇಳಿದ್ರು. ಆಗ್ಲೇ ನಿಮ್ ನೋಟ್‌ಬುಕ್ಕು ತೆಗ್ದು ಓದ್ದೆ. ನಾಲ್ಕು ಸಲಾನೂ ‘ಬರಲಿಲ್ಲ’ ಅಂತಾನೇ ಬರ್ದಿದ್ರಿ. ಒಂದ್ ಸಲನಾದ್ರೂ ನನ್ನ ಮುಖ ನೋಡಿ ‘ಬಂತು’ ಅಂತ ಬರ್ಕೊಂಡಿದ್ರೆ ಬೈತಿದ್ದೆ. ಆಗಿದ್ದನ್ನ ಬರ್ದಿದೀರಾ. ಅದಕ್ಯಾಕೆ ತಲೆ ತಗ್ಗಿಸ್ತೀರಾ?” ಅಷ್ಟು ಹೇಳಿ ಹಳದಿ ಚೀಟಿಯೊಂದನ್ನು ಹರಿದು ನನ್ನ ಕೋಟಿಗೆ ಅಂಟಿಸಿದರು. “ಮೂರು ವಾರ ಇವರನ್ನ ಯಾರೂ ಮುಟ್ಟಂಗಿಲ್ಲ.” ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಪ್ರಬಂಧಕ್ಕೆ ಈಗ ಹೊಸ ಹೆಜ್ಜೆಯೊಂದು ಸೇರಬೇಕಿತ್ತು. ಅಕ್ಕನಿಗೆ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಕೃತಜ್ಞತೆ’ ಹೇಳೋಣ ಎಂದರು ನಿರ್ದೇಶಕರು. ಕೆಟ್ಟ ಮನುಷ್ಯರಲ್ಲ, ರೂಢಿ ಹಾಗಿತ್ತು. ಅಕ್ಕ ಏನೂ ಅನ್ನಲಿಲ್ಲ. ಅಂದದ್ದು ಸಮಿತಿಯ ವರದಿ. ಅದರ ಕೊನೆಯಲ್ಲಿ ಅಧ್ಯಕ್ಷೆ ಹೀಗೆ ಬರೆದಿದ್ದರು: ಸುಳ್ಳು ಎಂದಿದ್ದರೆ ಯಾರ ಹೆಸರು ಕೆಡುತ್ತಿತ್ತೋ, ನಿಜ ಎಂದಾದ ಮೇಲೆ ಅವರ ಹೆಸರೇ ಮೊದಲು ಬರಬೇಕು. ನಿರ್ದೇಶಕರು ಅದನ್ನು ಎರಡು ಸಲ ಓದಿ, “ಹೌದಲ್ವಾ” ಎಂದು ತಾವೇ ಕೂತು ಹೆಸರುಗಳ ಸಾಲನ್ನು ತಿದ್ದಿದರು. ಎರಡನೆಯದು ನನ್ನದು. ಅಷ್ಟು ಒಳ್ಳೆಯ ಎರಡನೇ ಸ್ಥಾನ ನನಗೆ ಬದುಕಿನಲ್ಲಿ ಇನ್ನೊಂದು ಸಿಕ್ಕಿಲ್ಲ.

ಆ ಪೆಪ್ಟೈಡ್ ಇನ್ನೂ ಅಂಗಡಿಯಲ್ಲಿ ಸಿಗುವ ಔಷಧವಾಗಿಲ್ಲ. ಇಲಿಗಳ ಗಾಯ ವಾಸಿಯಾಗಿದೆ. ಮನುಷ್ಯರವರೆಗೆ ಬರಲು ದಾರಿ ಬಹಳವಿದೆ. ಯಾವಾಗ ಮುಟ್ತೀವಿ ಅಕ್ಕಾ ಎಂದರೆ, “ಹೊರಟಾಯ್ತಲ್ಲ” ಎನ್ನುತ್ತಾರೆ. ಈಗ ನಮ್ಮಲ್ಲಿಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ದಿನ ನೋಟ್‌ಬುಕ್ಕಿನಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಒಂದು ಸಾಲು ಬರೆಯಬೇಕು: ಕೈ ತೊಳೆದುಕೊಂಡೆ. ಎರಡನೇ ಸಾಲು: ಟ್ಯೂಬು ಪಳಗಿಸಿದೆ. ನಗುವವರು ನಗಲಿ.

ಬೀಳ್ಕೊಡುಗೆಯ ದಿನಕ್ಕೆ ಮರಳುತ್ತೇನೆ. ಜಿರಳೆಯ ಮಾತು ಕೇಳಿ ನಿರ್ದೇಶಕರು ಭಾಷಣ ನಿಲ್ಲಿಸಿ, ಕೊನೆಯ ಉಡುಗೊರೆಯಾಗಿ ಆ ಪ್ರಬಂಧದ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿದ್ದನ್ನು ಅಕ್ಕನ ಕೈಗಿಟ್ಟರು. ಅಕ್ಕ ಅದನ್ನು ಮಡಿಲಿನ ಹಣ್ಣಿನ ಬುಟ್ಟಿಗೆ ಒರಗಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಇವತ್ತು ಬೆಳಿಗ್ಗೆ ಪೆಟ್ಟಿಗೆಯಿಂದ ತೆಗ್ದಿದ್ವಲ್ಲ, ಆ ತಿಳಿ ಟ್ಯೂಬಲ್ಲಿ ಒಂದ್ ತಗೊಂಡ್ ಬಾರೋ” ಎಂದರು.

ತಂದುಕೊಟ್ಟೆ. ಪೇಟ ಸ್ವಲ್ಪ ಹಿಂದಕ್ಕೆ ಸರಿಸಿ, ಟ್ಯೂಬನ್ನು ಚೌಕಟ್ಟಿನ ಮೇಲ್ತುದಿಗೆ, ಹೆಸರುಗಳ ಸಾಲಿನ ಮೊದಲಿಗೆ ಹಿಡಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಅದರೊಳಗೆ ನೋಡಿದರು. ತಮ್ಮ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಮೊದಲಕ್ಷರ ಸಮೇತ, ಗಟ್ಟಿಯಾಗಿ ಓದಿದರು.

“ಅಕ್ಷರ ಕಾಣ್ತಾ ಇದೆ” ಎಂದರು.